ಮುತ್ತಜ್ಜ ಯಾವ ಊರಿನವ?

ನವುಲೆಯಲ್ಲಿ ಮನೆ ಮಾಡಿಕೊಂಡವರನ್ನು ಯಾವ ಊರಿನವರೆಂದು ಕೇಳಿದರೆ ಮೊದಲ ಉತ್ತರ ಶಿವಮೊಗ್ಗ. ‘ಅದು ಸರಿ, ಮೂಲ?’ ಎಂದು ಮತ್ತೆ ಕೇಳಿದಾಗ ಒಬ್ಬರದು ಹೊಸನಗರದ ಕಡೆ, ಪಕ್ಕದ ಮನೆಯವರದು ಶಿಕಾರಿಪುರದ ಕಡೆ, ಎದುರು ಮನೆಯವರು ಘಟ್ಟ ಹತ್ತಿ ಬಂದ ಕುಂದಾಪುರದವರು. ಸವಳಂಗ ರಸ್ತೆಯ ಆಚೀಚೆ ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಸ್ಟೇಡಿಯಂ ಬಂದವು, ಹೊಲಗದ್ದೆಗಳು ಬಡಾವಣೆಗಳಾದವು. ಈ ಮನೆಗಳ ಕ್ರಯಪತ್ರ ತೆಗೆದು ಷೆಡ್ಯೂಲ್ ಓದಿ ನೋಡಿ. ‘ನವುಲೆ ಗ್ರಾಮದ ಸರ್ವೆ ನಂಬರ್ ಇಂತಿಷ್ಟರ ಪೈಕಿ’ ಎಂದಿರುತ್ತದೆ. ಸೈಟಿನ ಪೂರ್ವಾಪರವೆಲ್ಲ ಆ ಕಾಗದದಲ್ಲಿದೆ. ಸೈಟು ಕೊಂಡವರ ಪೂರ್ವಾಪರದ ಸುದ್ದಿಯೇ ಅದರಲ್ಲಿಲ್ಲ.

ಹಿರೀಕರ ಜಾಡು ಹಿಡಿಯಹೊರಟವರಿಗೆ ನಮ್ಮ ಜಿಲ್ಲೆಯಲ್ಲಿ ಎದುರಾಗುವ ಮೊದಲ ತೊಡಕೇ ಇದು. ಇಲ್ಲಿ ಯಾರೂ ಬರೀ ಕುತೂಹಲಕ್ಕೆ ಮುತ್ತಜ್ಜನನ್ನು ಹುಡುಕುವುದಿಲ್ಲ. ಪೌತಿ ಖಾತೆ ಆಗಬೇಕು, ಜಾತಿ ಪ್ರಮಾಣಪತ್ರ ಬೇಕು, ಅರಣ್ಯ ಹಕ್ಕಿನ ಅರ್ಜಿಗೆ ಪುರಾವೆ ಬೇಕು. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಲು ನಿಂತವರು ಅಜ್ಜನವರೆಗೆ ಸಲೀಸಾಗಿ ಹೇಳುತ್ತಾರೆ, ಅಜ್ಜನ ಅಪ್ಪನ ಹೆಸರಿಗೆ ಬಂದಾಗ ಊರಲ್ಲಿರುವ ದೊಡ್ಡಪ್ಪನಿಗೆ ಫೋನು ಮಾಡುತ್ತಾರೆ.

ಈ ಹುಡುಕಾಟವನ್ನೇ ಹವ್ಯಾಸ ಮಾಡಿಕೊಂಡವರು ಅಮೆರಿಕನ್ನರು. ಅಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ತಮ್ಮದು ಜರ್ಮನ್ ಮೂಲ ಎನ್ನುತ್ತಾರೆ. ಕ್ರೇಫೆಲ್ಡ್ ಪಟ್ಟಣದ 13 ಕುಟುಂಬಗಳು 1683ರಲ್ಲಿ ‘ಕಾನ್‌ಕಾರ್ಡ್’ ಹಡಗಿನಿಂದ ಫಿಲಡೆಲ್ಫಿಯಾದಲ್ಲಿ ಇಳಿದು ಜರ್ಮನ್‌ಟೌನ್ ಕಟ್ಟಿದವು. ಆಮೇಲೆ ರೈನ್ ನದಿಯ ಸೀಮೆಯಿಂದ ಜನ ಹಿಂಡುಹಿಂಡಾಗಿ ಬರತೊಡಗಿದಾಗ ಇಂಗ್ಲಿಷರ ವಸಾಹತು ಗಾಬರಿಯಾಗಿ, 1727ರಿಂದ ಹಡಗಿಳಿದ ಪ್ರತಿ ಗಂಡಸೂ ಇಂಗ್ಲೆಂಡಿನ ದೊರೆಗೆ ನಿಷ್ಠನಾಗಿರುವುದಾಗಿ ಪ್ರಮಾಣ ಮಾಡಿ ಸಹಿ ಹಾಕಬೇಕೆಂದು ನಿಯಮ ಮಾಡಿತು. ಹಡಗಿನ ಕಪ್ತಾನನ ಪಟ್ಟಿ ಒಂದು, ಪ್ರಮಾಣದ ಸಹಿಪಟ್ಟಿಗಳು ಬೇರೆ. ಹದಿನಾರು ದಾಟಿದ ಗಂಡಸರು ಮಾತ್ರ ಲೆಕ್ಕಕ್ಕೆ ಸಿಕ್ಕರು. ಹೆಂಗಸರು, ಮಕ್ಕಳು ಬಹುತೇಕ ಪಟ್ಟಿಗಳಲ್ಲಿ ಇಲ್ಲ. ಅಕ್ಷರ ಬಾರದವನು ಗೀಟು ಎಳೆಯುತ್ತಿದ್ದ. ಪಕ್ಕದಲ್ಲಿ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಗೀಚುತ್ತಿದ್ದ. ಭಯದಿಂದ ಹುಟ್ಟಿದ ಈ ಕಾಗದಗಳೇ ಇವತ್ತು ಅವರ ವಂಶಜರಿಗೆ ಆಸ್ತಿ.

ಆದರೆ ಹಡಗಿನ ಪಟ್ಟಿಯಲ್ಲಿ ಹೆಸರು ಸಿಕ್ಕರೆ ಅರ್ಧ ಕೆಲಸವೂ ಆದಂತಲ್ಲ. ‘ಜರ್ಮನಿಯಿಂದ ಬಂದವ’ ಎಂದಷ್ಟೇ ಗೊತ್ತಿದ್ದರೆ ಏನೂ ಗಿಟ್ಟುವುದಿಲ್ಲ. 1871ರವರೆಗೆ ಆ ಹೆಸರಿನ ಒಂದೇ ದೇಶ ಇರಲಿಲ್ಲ, ಹತ್ತಾರು ಸಂಸ್ಥಾನಗಳಿದ್ದವು. ಬೇಕಾದದ್ದು ಹಳ್ಳಿಯ ಹೆಸರು. ಅದು ಗೊತ್ತಾದರೆ ಅಲ್ಲಿನ ಚರ್ಚಿನ ಪುಸ್ತಕದಲ್ಲಿ ಜನನ, ಮದುವೆ, ಮಣ್ಣು ಎಲ್ಲ ಸಾಲಾಗಿ ಸಿಗುತ್ತವೆ. ಹಾಂಬುರ್ಗ್ ಬಂದರು 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿಯನ್ನು ಊರಿನ ಹೆಸರಿನ ಸಮೇತ ಉಳಿಸಿಕೊಂಡಿತು. ಬ್ರೆಮೆನ್ ಬಂದರಿನವರು ಇಡಲು ಜಾಗ ಸಾಲದೆಂದು ಹಳೆಯ ಪಟ್ಟಿಗಳನ್ನು ತಾವೇ ಹರಿದು ಹಾಕಿದರು, ಉಳಿದವುಗಳ ಬಹುಪಾಲು ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಯಿತು. ಯಾವ ಬಂದರಿನಿಂದ ಹಡಗು ಹತ್ತಿದ ಎಂಬುದರ ಮೇಲೆ ಒಂದು ಮನೆತನದ ನೆನಪು ಉಳಿಯುವುದು, ಅಳಿಯುವುದು ನಿಂತಿದೆ.

ನಮ್ಮಲ್ಲಿ ಅಂಥ ಬಾಗಿಲೇ ಇರಲಿಲ್ಲ. ಸೊರಬದಿಂದ ಶಿವಮೊಗ್ಗಕ್ಕೆ ಗಾಡಿ ಕಟ್ಟಿಕೊಂಡು ಬಂದವನನ್ನು ತಡೆದು ಹೆಸರು ಬರೆದುಕೊಂಡವರಿಲ್ಲ. ಆಗುಂಬೆ, ಹುಲಿಕಲ್ ಘಾಟಿ ಹತ್ತಿದವರಿಗೆ ಸರಕಿನ ಸುಂಕ ಕೇಳಿದ್ದಿರಬಹುದು, ತಂದೆಯ ಹೆಸರು ಕೇಳಿದವರಿಲ್ಲ. ಜನಗಣತಿಯಾದರೂ ಇದೆಯಲ್ಲ ಎನ್ನಬೇಡಿ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಗಣತಿ ಹಾಳೆಗಳು ಸಾರ್ವಜನಿಕರ ಪಾಲಾಗುತ್ತವೆ. 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆಯಿತು. ನಮ್ಮ 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿದಾರ ಬರೆದುಕೊಂಡದ್ದನ್ನು ನೋಡಲು ಯಾರಿಗೂ ಹಕ್ಕಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರಿಂದಲೇ ತಲೆ ಎಣಿಸಿದ್ದಾರೆ. ಓದಲು ಸಿಗುವುದು ಒಟ್ಟು ಲೆಕ್ಕ ಮಾತ್ರ. ಮುತ್ತಜ್ಜ ಆ ಮೊತ್ತದಲ್ಲಿ ಒಂದು.

ಸರ್ಕಾರ ಕಣ್ಣಿಟ್ಟು ಬರೆದದ್ದು ಕಂದಾಯ ಕೊಡುವ ಭೂಮಿಯನ್ನು. ಸಂಸ್ಥಾನದ ಕಂದಾಯ ಸರ್ವೆ 1863ರಲ್ಲಿ ಶುರುವಾಯಿತು. ಅಲ್ಲಿಂದ ಈಚೆಗೆ ಒಂದು ತುಂಡು ನೆಲ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಎಲ್ಲೋ ಒಂದು ಕಟ್ಟಿನಲ್ಲಿ ಇದ್ದೇ ಇರುತ್ತದೆ. ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳುವುದು ಒಂದೇ: ಹೆಸರು ಹಿಡಿದು ಹೊರಡಬೇಡಿ, ಸರ್ವೆ ನಂಬರ್ ಹಿಡಿದು ಹೊರಡಿ.

ಹಳೆಯ ಕೈಬರಹದ ಪಹಣಿಯೊಂದನ್ನು ಬಿಡಿಸಿಕೊಂಡರೆ ದಾರಿ ಕಾಣುತ್ತದೆ. ಒಂಬತ್ತನೇ ಕಾಲಂನಲ್ಲಿ ಖಾತೆದಾರನ ಹೆಸರು: ‘ಹನುಮಂತಪ್ಪ ಬಿನ್ ಗುತ್ಯಪ್ಪ’ ಎಂದಿದೆ ಎನ್ನಿ. ಹಳೆ ಮೈಸೂರಿನ ಶಾನುಭೋಗರ ಪದ್ಧತಿಯಲ್ಲಿ ಗಂಡಸಿನ ಹೆಸರಿಗೆ ‘ಬಿನ್’ ಎಂದು ತಂದೆಯ ಹೆಸರು, ಹೆಂಗಸಿಗೆ ‘ಕೋಂ’ ಎಂದು ಗಂಡನ ಹೆಸರು ಅಂಟಿಕೊಂಡೇ ಬರುತ್ತದೆ. ಒಂದೇ ಸಾಲಿನಲ್ಲಿ ಎರಡು ತಲೆಮಾರು. ಪಕ್ಕದ ಹತ್ತನೇ ಕಾಲಂನಲ್ಲಿ ಜಮೀನು ಬಂದ ಬಗೆ, ಅದರೊಳಗೆ ಎಂ.ಆರ್. ನಂಬರ್. ಆ ನಂಬರ್ ಹಿಡಿದು ಮ್ಯುಟೇಶನ್ ರಿಜಿಸ್ಟರ್ ತೆಗೆಸಿದರೆ ಖಾತೆ ಬದಲಾದ ಕಾರಣ ಕಾಣುತ್ತದೆ: ಪೌತಿ, ವಿಭಾಗ, ಕ್ರಯ. ‘ಪೌತಿ’ ಎಂದಿದ್ದರೆ ಹಿಂದಿನ ಖಾತೆದಾರ ಆ ಹೊತ್ತಿಗೆ ತೀರಿಕೊಂಡಿದ್ದಾನೆ, ವಾರಸುದಾರರ ಹೆಸರೆಲ್ಲ ಅಲ್ಲೇ ಇರಬೇಕು. ‘ವಿಭಾಗ’ ಎಂದಿದ್ದರೆ ಅಣ್ಣತಮ್ಮಂದಿರೆಲ್ಲ ಒಂದೇ ಕಡೆ ಸಿಗುತ್ತಾರೆ. ಪಹಣಿಗಿಂತ ಹಿಂದಕ್ಕೆ ಹೋಗಲು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್), ಇಂಡೆಕ್ಸ್ ಆಫ್ ಲ್ಯಾಂಡ್.

ಒಂದು ಗುಂಡಿ ಇದೆ, ಎಚ್ಚರ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಕಡೆ ರೂಢಿ. ಹೀಗಾಗಿ ಹನುಮಂತಪ್ಪ ಬಿನ್ ಗುತ್ಯಪ್ಪ, ಗುತ್ಯಪ್ಪ ಬಿನ್ ಹನುಮಂತಪ್ಪ, ಮತ್ತೆ ಹನುಮಂತಪ್ಪ ಬಿನ್ ಗುತ್ಯಪ್ಪ ಎಂದು ಸಾಲು ನಡೆಯುತ್ತದೆ. ವರ್ಷ ನೋಡದಿದ್ದರೆ ಅಜ್ಜನನ್ನೇ ಮೊಮ್ಮಗ ಎಂದುಕೊಂಡು ಎರಡು ತಲೆಮಾರು ನುಂಗಿಬಿಡುತ್ತೀರಿ. ಹುಟ್ಟಿದ ತಾರೀಕನ್ನಂತೂ ನಂಬಲೇಬೇಡಿ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಅದು ಹೆಡ್‌ಮಾಸ್ತರರ ಕೃಪೆ. ಆದರೂ ಆ ರಿಜಿಸ್ಟರ್ ಬಿಡಬಾರದು. ಜಾತಿ, ತಂದೆಯ ಹೆಸರು, ಹಿಂದೆ ಓದಿದ ಶಾಲೆ ಅಲ್ಲಿರುತ್ತವೆ, ಹಿಂದೆ ಓದಿದ ಶಾಲೆ ಎಂದರೆ ಹಿಂದೆ ಇದ್ದ ಊರು.

ಇದೆಲ್ಲ ಖಾತೆ ಇದ್ದವರ ಕಥೆ. ಗೇಣಿ ಮಾಡಿದವರು, ಜೀತಕ್ಕಿದ್ದವರು ಒಂಬತ್ತನೇ ಕಾಲಂನಲ್ಲಿ ಇಲ್ಲವೇ ಇಲ್ಲ. ಅಮೆರಿಕದಲ್ಲಿ 1850ರಿಂದ ಮನೆಯ ಪ್ರತಿ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಗಣತಿಯಲ್ಲಿ ಬರೆದರು. ಆ ವರ್ಷ ಮತ್ತು 1860ರಲ್ಲಿ ಗುಲಾಮರಿಗೆ ಬೇರೆ ಹಾಳೆ. ಅದರಲ್ಲಿ ಒಡೆಯನ ಹೆಸರು, ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ಜರ್ಮನ್ ಮೂಲದವನು ಖುಷಿಯಿಂದ ತಿರುವುವ ಅದೇ ದಾಖಲೆಯಲ್ಲಿ ಕರಿಯರ ಮೊಮ್ಮಕ್ಕಳಿಗೆ ಗೋಡೆ ಅಡ್ಡ ಬರುತ್ತದೆ. ಮಲೆನಾಡಿನಲ್ಲಿ ಅಂಥ ಗೋಡೆ ಕೆಡವಿದ್ದು ಒಂದು ಕಾನೂನು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತದ್ದು ಎಲ್ಲರಿಗೂ ಗೊತ್ತು. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯಲ್ಲಿ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ‘ಎಷ್ಟು ವರ್ಷದಿಂದ ಉಳುತ್ತಿದ್ದೀಯ?’ ಎಂಬ ಪ್ರಶ್ನೆಗೆ ಅವರು ಕೊಟ್ಟ ಹೇಳಿಕೆಗಳು ಆ ಕಡತಗಳಲ್ಲಿವೆ: ಅಪ್ಪ ಮಾಡುತ್ತಿದ್ದ, ಅಪ್ಪನ ಅಪ್ಪ ಮಾಡುತ್ತಿದ್ದ, ಇಂತಿಂಥವರ ಮನೆಗೆ ಇಷ್ಟು ಖಂಡುಗ ಭತ್ತ ಅಳೆಯುತ್ತಿದ್ದ. ಸಾಕ್ಷಿಗೆ ಬಂದ ಅಕ್ಕಪಕ್ಕದ ಗದ್ದೆಯವರ ಮಾತು, ಗೇಣಿ ಚೀಟಿ, ಸಾಗುವಳಿದಾರನ ಹೆಸರಿರುವ ಪಹಣಿಯ ಹನ್ನೆರಡನೇ ಕಾಲಂನ ನಕಲು. ಹಿಂದೆ ಎಲ್ಲೂ ಬರೆಸಿಕೊಳ್ಳದ ಮನೆತನಗಳು ಮೊದಲ ಬಾರಿಗೆ ಮೂರು ತಲೆಮಾರನ್ನು ಒಟ್ಟಿಗೆ ಬರೆಸಿದ ಜಾಗ ಅದು. ಜಿಲ್ಲೆಯ ಜನಜೀವನದ ಬಗ್ಗೆ ಇದಕ್ಕಿಂತ ದೊಡ್ಡ ದಾಖಲೆ ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ವಂಶ ಹುಡುಕುವವರು ಅದನ್ನು ಕೇಳುವುದೇ ಇಲ್ಲ. ಜಮೀನಿನ ವ್ಯಾಜ್ಯ ಬಂದಾಗ ವಕೀಲರು ಕೇಳುತ್ತಾರೆ.

ಬದಲಿಗೆ ಹೆಚ್ಚಿನವರಿಗೆ ಆಸೆ ಇರುವುದು ಶಾಸನದ ಮೇಲೆ. ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು, ಎಂಟನೇ ಸಂಪುಟಗಳಲ್ಲಿ ತುಂಬಿಟ್ಟಿದ್ದಾರೆ. ಅದರಲ್ಲಿ ಒಬ್ಬ ಗೌಡ, ಒಬ್ಬ ನಾಯಕ ಸಿಕ್ಕನೆಂದು ನೇರ ಅಲ್ಲಿಂದ ತಮ್ಮ ಮನೆಗೆ ಗೆರೆ ಎಳೆಯುತ್ತಾರೆ. ನಡುವಿನ ಮುನ್ನೂರು ವರ್ಷಕ್ಕೆ ಒಂದು ಹೆಸರೂ ಇರುವುದಿಲ್ಲ. ಕೆಳದಿ ಸಂಸ್ಥಾನ 1763ರಲ್ಲಿ ಹೈದರಾಲಿಯ ಪಾಲಾಯಿತು. ಅದರ ದಂಡನಾಯಕರ ವಂಶದವರೆಂದು ಹೇಳಿಕೊಳ್ಳುವವರ ಸಂಖ್ಯೆ ನೋಡಿದರೆ ಆ ಸೈನ್ಯದಲ್ಲಿ ಕಾಲಾಳುಗಳು ಇದ್ದರೋ ಇಲ್ಲವೋ ಎಂದು ಅನುಮಾನ ಬರುತ್ತದೆ.

ಇನ್ನು ಮುಳುಗಡೆಯವರು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1948ರದು, ಲಿಂಗನಮಕ್ಕಿ 1964ರದು. ಶರಾವತಿ ಕಣಿವೆಯ ಹಳ್ಳಿಗಳು ನೀರಿಗೆ ಹೋದವು. ಜನರನ್ನು ಲಾರಿಗಳಲ್ಲಿ ತಂದು ಶಿವಮೊಗ್ಗ, ಭದ್ರಾವತಿ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಿನ ಅಂಚಿಗೆ ಇಳಿಸಿದರು. ಆ ಜಮೀನಿನ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಊರೇ ಇಲ್ಲದವರ ವಂಶ ಹುಡುಕುವುದು ಕಷ್ಟ ಎಂದು ತೋರುತ್ತದೆ. ಕಾಗದದ ಮಟ್ಟಿಗೆ ನೋಡಿದರೆ ಇವರಷ್ಟು ಸ್ಪಷ್ಟವಾಗಿ ಬರೆಸಿಕೊಂಡವರು ಕಡಿಮೆ. ನೆಲ ವಶಪಡಿಸಿಕೊಳ್ಳಲು ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಪರಿಹಾರಕ್ಕೆ ಅವಾರ್ಡ್ ಬರೆಯಬೇಕು. ಯಾವ ಸರ್ವೆ ನಂಬರಿನಲ್ಲಿ ಯಾರ ಖಾತೆ, ಎಷ್ಟು ಗದ್ದೆ, ಎಷ್ಟು ಅಡಿಕೆ ಮರ, ಮನೆಗೆ ಎಷ್ಟು ಬೆಲೆ, ಎಲ್ಲ ಲೆಕ್ಕ ಹಾಕಿಯೇ ಊರು ಮುಳುಗಿಸಿದ್ದು. ಇವತ್ತು ನೀರಿನಡಿ ಇರುವ ಊರಿನ ಮನೆಮರಗಳ ಎಣಿಕೆ ಆ ಕಡತದಲ್ಲಿ ಒಣಗಿಕೊಂಡು ಕೂತಿದೆ. ಖಾತೆ ಇಲ್ಲದೆ ಕೂಲಿ ಮಾಡಿಕೊಂಡಿದ್ದವರು ಮಾತ್ರ ಅಲ್ಲಿಯೂ ಹೊರಗೆ.

ಭದ್ರಾವತಿಯ ಲೆಕ್ಕವೇ ಬೇರೆ. ಬೆಂಕಿಪುರ ಎಂಬ ಊರಿನ ಪಕ್ಕ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರ ಜನವರಿಯಲ್ಲಿ ಕುಲುಮೆ ಉರಿಯಿತು. 1936ರಲ್ಲಿ ಪೇಪರ್ ಮಿಲ್ ಬಂತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲ ಕಾಡಿನಿಂದ ಸೌದೆ, ಕೆಲಸಕ್ಕೆ ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವವರು, ಬಯಲುಸೀಮೆಯವರು. ಇಲ್ಲಿ ಸರ್ವೆ ನಂಬರ್ ಕೆಲಸಕ್ಕೆ ಬಾರದು; ಕ್ವಾರ್ಟರ್ಸ್ ಕಂಪನಿಯದು. ಇಲ್ಲಿನ ಪಹಣಿ ಎಂದರೆ ಸರ್ವಿಸ್ ರಿಜಿಸ್ಟರ್. ಖಾಯಂ ನೌಕರನ ತಂದೆಯ ಹೆಸರು, ಸ್ವಂತ ಊರು, ಹುಟ್ಟಿದ ದಿನ, ನಾಮಿನಿ ಅದರಲ್ಲಿ ಇರುತ್ತವೆ. 1962ರಲ್ಲಿ ಕಂಪನಿಯಾಗುವವರೆಗೆ ಕಬ್ಬಿಣದ ಕಾರ್ಖಾನೆ ಸರ್ಕಾರದ್ದೇ ಆಗಿದ್ದರಿಂದ ಆ ಕಾಲದ ಪತ್ರವ್ಯವಹಾರವನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿಯೂ ಹುಡುಕಬೇಕು. ಗುತ್ತಿಗೆದಾರರ ಕೈಕೆಳಗೆ ಸೌದೆ ಹೊತ್ತವರು, ಅದಿರು ತುಂಬಿದವರು ಮಸ್ಟರ್ ರೋಲಿನಲ್ಲಿ ಮಾತ್ರ ಇದ್ದರು. ಬಟವಾಡೆ ಮುಗಿದ ಮೇಲೆ ಆ ಹಾಳೆಗಳಿಗೆ ಯಾರು ಬೀಗ ಹಾಕಿಡುತ್ತಾರೆ? ಪೇಪರ್ ಮಿಲ್ ನಿಂತು ವರ್ಷಗಳಾದವು, ಈಗ ವಿಐಎಸ್‌ಎಲ್ ಎನಿಸಿಕೊಂಡ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂತು. ಯಂತ್ರಗಳ ಹರಾಜಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ರಿಜಿಸ್ಟರ್‌ಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಜರ್ಮನ್ ಮೂಲ ಹುಡುಕುವವರ ಒಂದು ಉಪಾಯ ಭದ್ರಾವತಿಗೆ ಚೆನ್ನಾಗಿ ಒಗ್ಗುತ್ತದೆ. ನಿಮ್ಮವನ ಊರು ಗೊತ್ತಾಗದಿದ್ದರೆ ಅವನ ನೆರೆಯವರ ಊರು ಹುಡುಕಿ ಎನ್ನುತ್ತಾರೆ ಅವರು. ಜನ ಒಂಟಿಯಾಗಿ ಬರುವುದಿಲ್ಲ. ಮೊದಲು ಬಂದವನು ಭಾವಮೈದುನನನ್ನು ಕರೆಸುತ್ತಾನೆ, ಅವನು ಪಕ್ಕದ ಮನೆಯವನನ್ನು. ಅಲ್ಲಿ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರ ಹೆಸರು ನೋಡುತ್ತಾರೆ, ಇಲ್ಲಿ ಮದುವೆಯ ಮುಯ್ಯಿ ಪುಸ್ತಕ ನೋಡಬಹುದು. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಊರಿನ ಸಮೇತ ಬರೆದ ಆ ನೋಟ್‌ಬುಕ್ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ.

ಕರಾವಳಿ ಮೂಲದವರಿಗೆ ಇನ್ನೊಂದು ಸೂಚನೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿನ ದಾಖಲೆಯ ಕ್ರಮವೇ ಬೇರೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಶಿವಮೊಗ್ಗದ ಅಭ್ಯಾಸದಲ್ಲಿ ಅಪ್ಪ–ಮಗ ಎಂದು ಓದಿದರೆ ದಾರಿ ತಪ್ಪುತ್ತದೆ. ಇನ್ನು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. ಅದರ ಪಾದ್ರಿಗಳಲ್ಲಿ ಬಹಳಷ್ಟು ಜನ ಜರ್ಮನ್ನರು, ತಮ್ಮ ಹಳ್ಳಿಯ ಚರ್ಚಿನ ಪುಸ್ತಕದ ಶಿಸ್ತನ್ನು ಇಲ್ಲಿಗೂ ತಂದರು. ಅವರ ಸಭೆಗಳ ರಿಜಿಸ್ಟರುಗಳಲ್ಲಿ ಸಿಗುವ ಕ್ರೈಸ್ತ ಕುಟುಂಬಗಳಿಗೆ ಹುಡುಕಾಟ ಅರ್ಧ ಸುಲಭ. ಮಿಷನ್ನಿನ ಪತ್ರ, ಫೋಟೊಗಳ ಭಂಡಾರ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದೆ.

ಕಾಗದ ಯಾವುದೂ ಸಿಗದಿದ್ದರೆ ಮನೆದೇವರನ್ನು ಕೇಳಿ. ಊರು ಬಿಟ್ಟವರು ಭಾಷೆ ಬಿಡುತ್ತಾರೆ, ಕಸುಬು ಬಿಡುತ್ತಾರೆ, ಮನೆದೇವರನ್ನು ಬಿಡುವುದು ಅಪರೂಪ. ನವುಲೆಯಲ್ಲಿದ್ದು ಮಗುವಿನ ಜವಳ ತೆಗೆಸಲು ಮೈಲಾರಕ್ಕೆ ಹೋಗುವವರ ಬೇರು ತುಂಗಭದ್ರೆಯ ಆ ದಿಕ್ಕಿನಲ್ಲಿ ಇರುವ ಸಂಭವ ಹೆಚ್ಚು. ಹೆಸರುಗಳೂ ದಾರಿ ತೋರುತ್ತವೆ: ಗುತ್ಯಪ್ಪ, ಗುತ್ಯಮ್ಮ ಎಂದರೆ ಚಂದ್ರಗುತ್ತಿಯ ರೇಣುಕಾಂಬೆ, ಹುಚ್ಚರಾಯಪ್ಪ ಎಂದರೆ ಶಿಕಾರಿಪುರದ ಆಂಜನೇಯ, ಕರಿಬಸಪ್ಪ ಎಂದರೆ ಉಕ್ಕಡಗಾತ್ರಿ. ಬೆಡಗು, ಬಳಿ ಕೇಳಿಕೊಂಡರೆ ಹುಡುಕುವ ವೃತ್ತ ಇನ್ನಷ್ಟು ಕಿರಿದಾಗುತ್ತದೆ.

ಬೇರು ಹಾವೇರಿ, ಧಾರವಾಡ, ಬೆಳಗಾವಿ ಸೀಮೆಯಲ್ಲಿದ್ದರೆ ಅದೃಷ್ಟವಂತರು, ಅಲ್ಲಿ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬಂದು ಮನೆಮುಂದೆ ನಿಂತು ಆ ಮನೆತನದ ಹಿರಿಯರ ಹೆಸರನ್ನೆಲ್ಲ ಒಪ್ಪಿಸಿ, ಕಾಳುಕಡಿ, ಬಟ್ಟೆ ಪಡೆದು ಹೋಗುವವರು. ಇಂಥ ಊರು, ಇಂಥ ಮನೆಗಳು ಇಂಥ ಹೆಳವರಿಗೆ ಎಂದು ಹಂಚಿಕೆ ಇದೆ. ತಾಮ್ರಪಟ, ತಾಳೆಗರಿಯಲ್ಲಿದ್ದದ್ದು ಆಮೇಲೆ ಕಾಗದದ ಹೊತ್ತಿಗೆಗೆ ಇಳಿಯಿತು. ಜಮೀನಿದೆಯೋ ಇಲ್ಲವೋ ನೋಡದೆ ಮನುಷ್ಯರನ್ನೇ ಬರೆದಿಟ್ಟವರು ನಮ್ಮಲ್ಲಿ ಇವರೇ. ಅಮೆರಿಕದ ಯೂಟಾದಿಂದ ನಡೆಯುವ ಫ್ಯಾಮಿಲಿಸರ್ಚ್ ಸಂಸ್ಥೆ, ಜರ್ಮನ್ ಚರ್ಚುಗಳ ಪುಸ್ತಕಗಳ ಚಿತ್ರ ತೆಗೆದಂತೆಯೇ ಹೆಳವರ ಹೊತ್ತಿಗೆಗಳದನ್ನೂ ತೆಗೆಯುತ್ತಿದೆ. ಪೇಟೆ ಸೇರಿದ ಮನೆಗಳಿಗೆ ಹೆಳವರು ಬರುವುದಿಲ್ಲ. ವಿಳಾಸ ಅವರಿಗೆ ಗೊತ್ತಿಲ್ಲ. ಮೂಲ ಊರಿಗೆ ಹೋಗಿ, ನಮ್ಮ ಮನೆಗೆ ಯಾವ ಹೆಳವರು ಬರುತ್ತಿದ್ದರು ಎಂದು ನಾವೇ ವಿಚಾರಿಸಬೇಕು.

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಗಿದೆ. ಗೆದ್ದಲು, ಮಳೆಗಾಲದ ತೇವ, ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ, ಈ ಮೂರರಿಂದಲೂ ಅದು ಬಿಡುಗಡೆ ಕೊಟ್ಟರೆ ದೊಡ್ಡ ಉಪಕಾರ. ಅರಣ್ಯ ಹಕ್ಕಿನ ಅರ್ಜಿದಾರರಿಗಂತೂ ಇದು ಬದುಕಿನ ಪ್ರಶ್ನೆ. 2006ರ ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. ಲಿಂಗನಮಕ್ಕಿಯಿಂದ 1964ರಲ್ಲಿ ಎದ್ದು ಬಂದ ಮನೆತನಕ್ಕೆ ಹೊಸ ಜಾಗದಲ್ಲಿ ಆಗುವುದು 41 ವರ್ಷ. ಮುಳುಗಿದ ಊರಿನ ಕಾಗದ ಜೋಡಿಸದೆ ಲೆಕ್ಕ ತುಂಬುವುದಿಲ್ಲ.

ಅದೇ ಕಾಯ್ದೆಯ ನಿಯಮಗಳಲ್ಲಿ, ಪುರಾವೆಗಳ ಪಟ್ಟಿಯಲ್ಲಿ, ಹಳೆಯ ಬಾವಿ, ಸ್ಮಶಾನ, ದೇವರ ಬನ, ವಂಶಾವಳಿ ಎಲ್ಲಕ್ಕೂ ಜಾಗವಿದೆ. ಜೊತೆಗೆ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಲಗತ್ತಿಸಬಹುದು. ಲಾರಿ ಹತ್ತಿದಾಗ ಹತ್ತು ಹನ್ನೆರಡು ವಯಸ್ಸಿನವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಊರು, ಗದ್ದೆಯ ಪಕ್ಕ ಯಾರ ಗದ್ದೆ, ಯಾರಿಗೆ ಗೇಣಿ, ಅಮ್ಮನ ತವರು ಎಲ್ಲಿ, ಅಜ್ಜಿಯ ಹೆಸರೇನು, ಲಾರಿಯಲ್ಲಿ ಜೊತೆಗೆ ಬಂದವರು ಯಾರು ಯಾರು ಎಂದು ಕೇಳಿ ಬರೆದುಕೊಂಡು, ಕೆಳಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ, ತಾರೀಕು ನಮೂದಿಸಿ. ‘ಕೋಂ’ ಹಿಂದೆ ಮರೆಯಾದ ಹೆಂಗಸರು ತಮ್ಮ ತವರಿನ ಸಮೇತ ಕಾಗದಕ್ಕೆ ಬರಲು ಸದ್ಯಕ್ಕೆ ಇರುವ ದಾರಿಯೂ ಅದೇ.